ತೆರೆ ಮತ್ತು ಸಾಕ್ಷಿ: ಭಯಾನಕ ಚಲನಚಿತ್ರಗಳ ಟ್ರೇಲರ್‌ಗಳಲ್ಲಿ ಸಂಪ್ರದಾಯದ ಪಾಲನೆ ಮತ್ತು ಉಲ್ಲಂಘನೆ

ಕನ್ನಡ ಜಾನಪದ ಅಧ್ಯಯನವು ಭಯವನ್ನು ಕಥಾವಸ್ತುವಾಗಿ ಕಂಡಷ್ಟು ನಿರೂಪಣಾ ಕ್ರಮವಾಗಿ ಕಂಡಿಲ್ಲ. ದೆವ್ವ, ಮೋಹಿನಿ, ಕೊಳ್ಳಿದೆವ್ವಗಳ ಕಥೆಗಳನ್ನು ಸಂಗ್ರಹಿಸಿ ಆಶಯಗಳನ್ನಾಗಿ ವಿಂಗಡಿಸಿದ್ದೇವೆ. ಆದರೆ ಆ ಕಥೆಯನ್ನು ಹೇಳುವವರು ಎಲ್ಲಿ ಮಾತು ನಿಲ್ಲಿಸುತ್ತಾರೆ, ಯಾರನ್ನು ಸಾಕ್ಷಿಯಾಗಿ ಕರೆಯುತ್ತಾರೆ, ಯಾರ ಹೆಸರನ್ನು ಹೇಳದೆ ಬಿಡುತ್ತಾರೆ ಎಂಬ ಪ್ರಶ್ನೆಗಳು ಹಿಂದೆಯೇ ಉಳಿದಿವೆ. ಈ ಪ್ರಶ್ನೆಗಳನ್ನು ಆಧುನಿಕ ನಿರೂಪಣಾ ಪ್ರಕಾರವೊಂದಕ್ಕೆ, ಅಂದರೆ ಭಯಾನಕ ಚಲನಚಿತ್ರಗಳ ಟ್ರೇಲರಿಗೆ, ಅನ್ವಯಿಸಿ ನೋಡುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಟ್ರೇಲರ್ ಎಂದರೆ ಹಿಂದೆ ಎಳೆದುಕೊಂಡು ಬರುವಂಥದ್ದು. ಆರಂಭದಲ್ಲಿ ಅದನ್ನು ಮುಖ್ಯ ಚಿತ್ರ ಮುಗಿದ ಮೇಲೆ ತೋರಿಸುತ್ತಿದ್ದುದರಿಂದ ಈ ಹೆಸರು ಬಂದಿತು. ಮುಂದೆ ಅದು ಚಿತ್ರಕ್ಕಿಂತ ಮೊದಲು ಬಂದರೂ ಹೆಸರು ಬದಲಾಗಲಿಲ್ಲ. ಕತ್ತಲೆಯ ಮನೆ, ಕಿರುಗುಟ್ಟುವ ಬಾಗಿಲು, ಹಠಾತ್ತನೆ ಎದ್ದುಬರುವ ಮುಖ, ಚೀತ್ಕಾರ ಇವೇ ಭಯಾನಕ ಟ್ರೇಲರಿನ ಲಕ್ಷಣಗಳೆಂದು ಸಾಮಾನ್ಯವಾಗಿ ಪಟ್ಟಿ ಮಾಡಲಾಗುತ್ತದೆ. ಇವು ಹೊರಗಿನ ಲಕ್ಷಣಗಳು ಮಾತ್ರ. ಪ್ರೇಕ್ಷಕನಿಗೆ ಈ ಭಯದ ಬಗ್ಗೆ ಮಾತು ಕೊಡುವವರು ಯಾರು, ಅವರು ಅದನ್ನು ಆಟವೆಂದು ಹೇಳುತ್ತಾರೆಯೋ ನಿಜವೆಂದು ಹೇಳುತ್ತಾರೆಯೋ ಎಂಬುದೇ ಒಳಗಿನ ಸಂಪ್ರದಾಯ. ಟ್ರೇಲರಿನ ಇತಿಹಾಸದಲ್ಲಿ ಗಮನಾರ್ಹವಾದ ಉಲ್ಲಂಘನೆಗಳು ನಡೆದಿರುವುದು ಈ ಒಳಗಿನ ನೆಲೆಯಲ್ಲಿ.

ಇದನ್ನು ವಿವರಿಸಲು ನಮ್ಮ ಪರಂಪರೆಯ ಎರಡು ಮಾದರಿಗಳನ್ನು ಬಳಸಬಹುದು. ಮೊದಲನೆಯದು ಯಕ್ಷಗಾನದ ತೆರೆ. ತೆಂಕುತಿಟ್ಟಿನಲ್ಲಿ ಬಣ್ಣದ ವೇಷವು ಒಮ್ಮೆಗೇ ಪೂರ್ಣವಾಗಿ ಕಾಣಿಸಿಕೊಳ್ಳುವುದಿಲ್ಲ. ತೆರೆಯ ಹಿಂದಿನಿಂದ ಮೊದಲು ಅಬ್ಬರ ಕೇಳುತ್ತದೆ, ಬಳಿಕ ಕಿರೀಟದ ತುದಿ ಕಾಣುತ್ತದೆ, ಮುಖ ಕೊನೆಗೆ. ಮಗು ತಾಯಿಯ ಸೆರಗಿನಲ್ಲಿ ಅವಿತರೂ ಇದು ವೇಷವೆಂಬುದು ಸಭೆಗೆ ಗೊತ್ತು. ಎರಡನೆಯದು ಐತಿಹ್ಯದ ಸಾಕ್ಷಿ. ಅಜ್ಜಿಕಥೆ ಒಂದಾನೊಂದು ಊರಿನಲ್ಲಿ ನಡೆದರೆ ಐತಿಹ್ಯ ಇದೇ ಊರಿನ ಇದೇ ಹುಣಸೆಮರದ ಕೆಳಗೆ ನಡೆಯುತ್ತದೆ. ‘ನಾನು ಕಂಡದ್ದಲ್ಲ, ನಮ್ಮ ದೊಡ್ಡಪ್ಪ ಕಂಡದ್ದು’ ಎಂಬ ಮಾತಿನಿಂದ ಅದು ಬಲ ಪಡೆಯುತ್ತದೆ. ತೆರೆಯ ಮಾದರಿಯಲ್ಲಿ ಭಯಕ್ಕೆ ಒಪ್ಪಂದವಿದೆ, ಸಾಕ್ಷಿಯ ಮಾದರಿಯಲ್ಲಿ ನಂಬಿಕೆಯ ಕೋರಿಕೆಯಿದೆ.

ಅಮೆರಿಕದ ಭಯಾನಕ ಚಿತ್ರಗಳ ಪ್ರಚಾರವು ಬಹುಕಾಲ ತೆರೆಯ ಮಾದರಿಯನ್ನೇ ಅನುಸರಿಸಿತು. 1931ರ ‘ಫ್ರಾಂಕನ್‌ಸ್ಟೈನ್’ ಚಿತ್ರದ ಆರಂಭದಲ್ಲಿಯೇ ನಟ ಎಡ್ವರ್ಡ್ ವಾನ್ ಸ್ಲೋನ್ ತೆರೆಯ ಹಿಂದಿನಿಂದ ಹೊರಬಂದು, ಮುಂದೆ ಕಾಣಲಿರುವುದು ನಿಮ್ಮನ್ನು ಬೆಚ್ಚಿಬೀಳಿಸಬಹುದೆಂದು ಸಭೆಯನ್ನು ಎಚ್ಚರಿಸುತ್ತಾರೆ. 1958ರಲ್ಲಿ ವಿಲಿಯಂ ಕ್ಯಾಸಲ್ ‘ಮಕಾಬ್ರ್’ ಚಿತ್ರಕ್ಕಾಗಿ, ಭಯದಿಂದ ಸತ್ತ ಪ್ರೇಕ್ಷಕನಿಗೆ 1,000 ಡಾಲರ್ ವಿಮೆ ಎಂದು ಸಾರಿದರು. ಇವೆರಡರಲ್ಲೂ ಜಾತ್ರೆಯ ಡಂಗುರದ ಧ್ವನಿಯಿದೆ. ಕೇಳಿದವನು ಹೆದರುತ್ತಾನೆ, ಜೊತೆಗೆ ನಗುತ್ತಾನೆ.

1960ರ ‘ಸೈಕೋ’ ಟ್ರೇಲರ್ ಈ ಸಂಪ್ರದಾಯವನ್ನು ಬಳಸಿಕೊಂಡೇ ಅದನ್ನು ತಿರುಗಿಸಿತು. ಆರು ನಿಮಿಷಕ್ಕೂ ಮೀರಿದ ಈ ಟ್ರೇಲರಿನಲ್ಲಿ ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್ ಚಿತ್ರದ ದೃಶ್ಯಗಳನ್ನು ತೋರಿಸುವುದಿಲ್ಲ. ಪ್ರವಾಸಿ ಮಾರ್ಗದರ್ಶಿಯಂತೆ ತಾವೇ ಆ ಮೋಟೆಲನ್ನೂ ಮನೆಯನ್ನೂ ಹಗಲು ಬೆಳಕಿನಲ್ಲಿ ಸುತ್ತಿಸುತ್ತಾರೆ. ಕೊಲೆ ನಡೆದ ಜಾಗಗಳನ್ನು ಬೆರಳು ಮಾಡಿ ತೋರಿಸಿ, ವಿವರ ಹೇಳಲು ತೊಡಗಿ, ಸಹಿಸಲಾರದವರಂತೆ ಮಾತನ್ನು ಅರ್ಧಕ್ಕೆ ನಿಲ್ಲಿಸುತ್ತಾರೆ. ಕತ್ತಲೆಯಿಲ್ಲ, ಅಬ್ಬರವಿಲ್ಲ, ದನಿಯಲ್ಲಿ ಆತುರವಿಲ್ಲ. ಹೊರಗಿನ ಲಕ್ಷಣಗಳೆಲ್ಲ ಬಿದ್ದುಹೋಗಿ ಒಳಗಿನ ಲಕ್ಷಣವಾದ ತಡೆಹಿಡಿಯುವಿಕೆ ಮಾತ್ರ ಉಳಿಯುತ್ತದೆ. ಕೊನೆಯಲ್ಲಿ ಅವರು ಸ್ನಾನದ ಕೋಣೆಯ ಪರದೆಯನ್ನು ಸರಕ್ಕನೆ ಸರಿಸುತ್ತಾರೆ. ಚೀರುವ ಹೆಣ್ಣಿನ ಮುಖವೊಂದು ಕಾಣುತ್ತದೆ. ಆ ಮುಖ ಚಿತ್ರದ ಆ ದೃಶ್ಯದಲ್ಲಿರುವ ಜಾನೆಟ್ ಲೀ ಅವರದಲ್ಲ, ವಿಗ್ ಧರಿಸಿದ ವೆರಾ ಮೈಲ್ಸ್ ಅವರದು. ಟ್ರೇಲರ್ ಸುಳ್ಳು ಹೇಳುತ್ತದೆ, ನಿಜ. ಆದರೆ ಆ ಸುಳ್ಳು ತೆರೆ ಹಿಡಿದವನ ಸುಳ್ಳು. ಅದರಿಂದ ನಷ್ಟಪಟ್ಟವರು ಯಾರೂ ಇಲ್ಲ.

ಮುಂದಿನ ಹಂತದಲ್ಲಿ ಮಾರ್ಗದರ್ಶಿಯೇ ಮರೆಯಾದನು. 1979ರ ‘ಏಲಿಯನ್’ ಟ್ರೇಲರಿನಲ್ಲಿ ಸಂಭಾಷಣೆಯಿಲ್ಲ. ಬಿರಿಯುವ ಮೊಟ್ಟೆಯಂಥ ವಸ್ತು, ಕರ್ಕಶ ನಾದ, ಓಡುವ ಮನುಷ್ಯರ ಚೂರು ಚೂರು ಚಿತ್ರಗಳು ಮಾತ್ರ ಇವೆ. ಸ್ಟ್ಯಾನ್ಲಿ ಕುಬ್ರಿಕ್ ಅವರ ‘ದಿ ಶೈನಿಂಗ್’ (1980) ಚಿತ್ರದ ಮೊದಲ ಟ್ರೇಲರ್ ಇನ್ನೂ ಮುಂದೆ ಹೋಗಿ ಒಂದೇ ನಿಶ್ಚಲ ದೃಶ್ಯಕ್ಕೆ ಇಳಿಯಿತು. ಹೋಟೆಲೊಂದರ ಲಿಫ್ಟಿನ ಬಾಗಿಲುಗಳ ಮುಂದೆ ಹೆಸರುಗಳು ಮೇಲೇರುತ್ತವೆ. ಬಳಿಕ ಬಾಗಿಲ ಸಂದಿಯಿಂದ ರಕ್ತದ ಪ್ರವಾಹ ನುಗ್ಗುತ್ತದೆ. ಮನುಷ್ಯರೂ ಇಲ್ಲ, ಕಥೆಯೂ ಇಲ್ಲ. ಮಾತು ಕೊಡುವವರಿಲ್ಲದೆ ನಿಂತ ಪ್ರೇಕ್ಷಕನಿಗೆ ಇಲ್ಲಿ ಒಂಟಿತನವೇ ಭಯ.

ನಿಜವಾದ ಪಲ್ಲಟ ಸಂಭವಿಸಿದ್ದು 1999ರಲ್ಲಿ. ಡೇನಿಯಲ್ ಮಿರಿಕ್ ಮತ್ತು ಎಡ್ವಾರ್ಡೊ ಸಾಂಚೆಜ್ ನಿರ್ದೇಶಿಸಿದ ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ ತೆರೆಯನ್ನು ಬಿಟ್ಟು ಸಾಕ್ಷಿಯನ್ನು ಹಿಡಿಯಿತು. ಮೇರಿಲ್ಯಾಂಡಿನ ಬರ್ಕಿಟ್ಸ್‌ವಿಲ್ ಬಳಿಯ ಕಾಡಿನಲ್ಲಿ 1994ರ ಅಕ್ಟೋಬರಿನಲ್ಲಿ ಮೂವರು ವಿದ್ಯಾರ್ಥಿಗಳು ಕಾಣೆಯಾದರು, ಒಂದು ವರ್ಷದ ನಂತರ ಅವರು ಚಿತ್ರಿಸಿದ ದೃಶ್ಯಗಳು ದೊರೆತವು ಎಂಬುದೇ ಅದರ ಪ್ರಚಾರದ ತಿರುಳು. ಇವೆಲ್ಲವೂ ಕಲ್ಪಿತ. 18ನೆಯ ಶತಮಾನದ ಮಾಟಗಾತಿಯೊಬ್ಬಳ ಐತಿಹ್ಯವನ್ನು, ಅದಕ್ಕೆ ಬೇಕಾದ ಕಾಲಾನುಕ್ರಮಣಿಕೆ ಹಾಗೂ ದಾಖಲೆಗಳ ಸಮೇತ, ಹೊಸದಾಗಿ ಕಟ್ಟಿ ಅಂತರ್ಜಾಲ ತಾಣದಲ್ಲಿ ಇರಿಸಲಾಗಿತ್ತು. ಜಾನಪದ ವಿದ್ವಾಂಸರಾದ ಲಿಂಡಾ ಡೇಗ್ ಮತ್ತು ಆಂಡ್ರ್ಯೂ ವಾಜೊನ್ಯಿ 1983ರಲ್ಲಿ, ಐತಿಹ್ಯವನ್ನು ಹೇಳುವುದಷ್ಟೇ ಅಲ್ಲ, ನಡೆದು ತೋರಿಸುವುದೂ ಉಂಟೆಂದು ಪ್ರತಿಪಾದಿಸಿದ್ದರು. ಬ್ಲೇರ್ ವಿಚ್ ಪ್ರಚಾರವು ಇದಕ್ಕೆ ವಾಣಿಜ್ಯದ ರೂಪ ಕೊಟ್ಟಿತು. ಅಲ್ಪ ವೆಚ್ಚದ ಆ ಚಿತ್ರವು ಜಗತ್ತಿನಾದ್ಯಂತ ಸುಮಾರು 24.8 ಕೋಟಿ ಡಾಲರ್ ಗಳಿಸಿತು.

ಕಲೆಯ ದೃಷ್ಟಿಯಿಂದ ಇದು ದಿಟ್ಟ ಉಲ್ಲಂಘನೆ. ಆದರೆ ಅದರ ಬೆಲೆ ತೆತ್ತವರು ಬೇರೆ. ಹೆದರ್ ಡೊನಾಹ್ಯೂ, ಜೋಶುವಾ ಲೆನರ್ಡ್, ಮೈಕೆಲ್ ವಿಲಿಯಮ್ಸ್ ಎಂಬ ಮೂವರು ನಟರು ಚಿತ್ರದಲ್ಲಿ ತಮ್ಮ ಸ್ವಂತ ಹೆಸರುಗಳನ್ನೇ ಹೊತ್ತಿದ್ದರು. ಪ್ರಚಾರದಲ್ಲಿ ಅವರು ಕಾಣೆಯಾದವರು. ಜೀವಂತವಿದ್ದ ಹೆದರ್ ಅವರ ತಾಯಿಗೆ ಸಂತಾಪ ಪತ್ರಗಳು ಬಂದವು. ಕಲ್ಪಿತ ಐತಿಹ್ಯವನ್ನು ಅರಸಿ ಬಂದವರು ಬರ್ಕಿಟ್ಸ್‌ವಿಲ್ ಎಂಬ ಪುಟ್ಟ ಊರಿನ ನಾಮಫಲಕಗಳನ್ನು ಕಿತ್ತೊಯ್ದರು. 2024ರಲ್ಲಿ ಆ ಮೂವರೂ ಬಹಿರಂಗ ಪತ್ರ ಬರೆದು, ತಮಗೆ ಸಲ್ಲಬೇಕಾದ ಸಂಭಾವನೆಯ ಪಾಲನ್ನು ಕೇಳಿದರು. ಜೊತೆಗೆ, ಮುಂದಿನ ಚಿತ್ರಗಳಲ್ಲಿ ತಮ್ಮ ಹೆಸರನ್ನೋ ರೂಪವನ್ನೋ ಬಳಸುವಾಗ ತಮ್ಮೊಡನೆ ಸಮಾಲೋಚಿಸಬೇಕೆಂದೂ ಕೇಳಿದರು. ಇಪ್ಪತ್ತೈದು ವರ್ಷಗಳ ನಂತರವೂ ಅವರು ಬೇಡಬೇಕಾಗಿ ಬಂದದ್ದು ತಮ್ಮ ಹೆಸರಿನ ಮೇಲಿನ ಹಕ್ಕನ್ನು.

ಇಲ್ಲಿ ನಮ್ಮ ಮೌಖಿಕ ಪರಂಪರೆಯ ಒಂದು ಸಂಯಮವನ್ನು ಗಮನಿಸಬೇಕು. ಕ್ಷೇತ್ರಕಾರ್ಯದಲ್ಲಿ ನನಗೆ ಪದೇ ಪದೇ ಎದುರಾದ ಸಂಗತಿಯಿದು: ವಕ್ತೃಗಳು ಬಾವಿಯನ್ನು, ಮರವನ್ನು, ಹಾದಿಯ ತಿರುವನ್ನು ನಿಖರವಾಗಿ ಹೇಳುತ್ತಾರೆ. ಆದರೆ ಸತ್ತು ದೆವ್ವವಾದಳೆನ್ನುವ ಹೆಣ್ಣಿನ ಹೆಸರು ಕೇಳಿದರೆ, ‘ಅದು ಬೇಡ ಬಿಡಿ, ಅವರ ಮನೆಯವರು ಇನ್ನೂ ಇದ್ದಾರೆ’ ಎನ್ನುತ್ತಾರೆ. 1990ರ ದಶಕದಲ್ಲಿ ಬೆಂಗಳೂರಿನ ಮನೆಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆಸಿದ ಐತಿಹ್ಯದಲ್ಲಿಯೂ ಬಾಗಿಲು ತಟ್ಟುವವಳಿಗೆ ಹೆಸರಿರಲಿಲ್ಲ. ಐತಿಹ್ಯವು ಸ್ಥಳವನ್ನು ಸಾಕ್ಷಿಯಾಗಿ ಕರೆಯುತ್ತದೆ, ವ್ಯಕ್ತಿಯನ್ನು ಕಾಯುತ್ತದೆ. ಬ್ಲೇರ್ ವಿಚ್ ಪ್ರಚಾರ ಐತಿಹ್ಯದ ರೂಪವನ್ನು ಎರವಲು ಪಡೆಯಿತು, ಅದರ ಈ ಕಟ್ಟಳೆಯನ್ನು ಪಡೆಯಲಿಲ್ಲ.

ಈ ಮಾತು ಕನ್ನಡಕ್ಕೂ ಸಲ್ಲುತ್ತದೆ. ಚಾರಣಕ್ಕೆ ಹೋದ ಆರು ಮಂದಿಯ ಕಥೆಯಾದ ‘6-5=2’ (2013), ದೊರೆತ ದೃಶ್ಯಗಳ ಈ ಮಾದರಿಯನ್ನು ಕನ್ನಡಕ್ಕೆ ತಂದಿತು. ಅಮಾನವೀಯ ಆಚರಣೆಗಳನ್ನೂ ವಾಮಾಚಾರವನ್ನೂ ತಡೆಯಲು 2017ರಲ್ಲಿ ಅಧಿನಿಯಮವೊಂದನ್ನು ರೂಪಿಸಿ 2020ರಲ್ಲಿ ಜಾರಿಗೆ ತರಬೇಕಾಗಿ ಬಂದ ನಾಡು ನಮ್ಮದು. ಮಾಟದ ಶಂಕೆಯೊಂದೇ ಒಂದು ಮನೆಯನ್ನು ಊರಿನಿಂದ ದೂರ ಮಾಡಬಲ್ಲ ಕಡೆ, ‘ಇದು ನಿಜವಾಗಿ ನಡೆದದ್ದು’ ಎಂಬ ಒಕ್ಕಣೆಯನ್ನು ಬರಿಯ ಪ್ರಚಾರ ತಂತ್ರವೆಂದು ಕಾಣಲಾಗದು.

2009ರಲ್ಲಿ ಬಿಡುಗಡೆಯಾದ ‘ಪ್ಯಾರಾನಾರ್ಮಲ್ ಆಕ್ಟಿವಿಟಿ’ ಚಿತ್ರದ ಟ್ರೇಲರ್ ಬೇರೊಂದು ದಾರಿಯನ್ನು ಸೂಚಿಸಿದೆ. ಅದು ಕತ್ತಲ ಚಿತ್ರಮಂದಿರದಲ್ಲಿ ಬೆಚ್ಚುವ, ಒಬ್ಬರನ್ನೊಬ್ಬರು ಹಿಡಿದುಕೊಳ್ಳುವ ಪ್ರೇಕ್ಷಕರನ್ನೇ ತೋರಿಸಿತು. ಸಾಕ್ಷಿ ಇಲ್ಲಿಯೂ ಉಂಟು. ಆದರೆ ಅದು ದೆವ್ವಕ್ಕೆ ಸಾಕ್ಷಿಯಲ್ಲ, ಭಯಕ್ಕೆ ಸಾಕ್ಷಿ. ಟ್ರೇಲರ್ ರೂಪಿಸುವವರು ಕತ್ತಲೆಯನ್ನು ಬಿಡಬಹುದು, ಚೀತ್ಕಾರವನ್ನು ಬಿಡಬಹುದು, ಮಾರ್ಗದರ್ಶಿಯನ್ನೂ ಕೈಬಿಡಬಹುದು. ಸಾಕ್ಷಿಯನ್ನು ಕರೆಯುವಾಗ ಮಾತ್ರ ಬದುಕಿರುವವರ ಹೆಸರಿನ ವಿಷಯದಲ್ಲಿ ನಮ್ಮ ಹಳ್ಳಿಯ ವಕ್ತೃವಿಗಿರುವ ಅಂಜಿಕೆ ಅವರಿಗೂ ಇರಬೇಕು. ಆ ಅಂಜಿಕೆಯನ್ನು ಕಥೆಯ ಪಾಠದೊಂದಿಗೆ ದಾಖಲಿಸುವುದು ಜಾನಪದ ಸಂಶೋಧಕರ ಹೊಣೆ. ವಕ್ತೃ ಹೇಳಿದ್ದನ್ನು ಬರೆದುಕೊಳ್ಳುವ ನಾವು, ಹೇಳದೆ ಬಿಟ್ಟದ್ದನ್ನೂ ಟಿಪ್ಪಣಿಯಲ್ಲಿ ಗುರುತಿಸಿಕೊಳ್ಳಬೇಕಾಗಿದೆ.