ತೋಡಿಯ ಗಾಂಧಾರ, ಗಿಟಾರಿನ ಪಂಚಮ: ಟಿವಿ ಹಿನ್ನೆಲೆ ಸಂಗೀತದ ಮಿಕ್ಸಿಂಗ್ ಕುರಿತು

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳು ಬೆಳೆದ ವರ್ಷಗಳಲ್ಲೇ ಬೆಂಗಳೂರಿನ ಕರ್ನಾಟಕ-ರಾಕ್ ಸಂಗೀತವೂ ಬೆಳೆಯಿತು. 2003ರಲ್ಲಿ ಆರಂಭವಾದ ‘ಅಗಮ್’ ತಂಡದವರಲ್ಲಿ ಹಲವರು ಐಟಿ ಉದ್ಯೋಗಿಗಳು. ಅವರನ್ನು ಮನೆಮನೆಗೆ ಮುಟ್ಟಿಸಿದ್ದು ಟಿವಿ: 2007ರಲ್ಲಿ ಸನ್ ಟಿವಿಯ ಸ್ಪರ್ಧೆ, 2012ರಲ್ಲಿ ಎಂಟಿವಿಯ ಕೋಕ್ ಸ್ಟುಡಿಯೋ. ಇಂಥ ಸಂಗೀತ ಧಾರಾವಾಹಿಯ ದೃಶ್ಯವೊಂದಕ್ಕೆ ಹಿನ್ನೆಲೆಯಾಗಿ, ವಯಲಿನ್ ವೃಂದದ ಜೊತೆ ಬಂದಾಗ ಯಾವ ವಾದ್ಯ ಯಾವುದಕ್ಕೆ ಜಾಗ ಬಿಡಬೇಕು? ಅದನ್ನು ತೀರ್ಮಾನಿಸಬೇಕಾದದ್ದು ರಾಗ, ಸದ್ದು ಏರಿಳಿಸುವ ಫೇಡರ್ ಅಲ್ಲ ಎಂಬುದು ನನ್ನ ವಾದ.

ರಾಕ್ ಗಿಟಾರಿನ ಪವರ್ ಕಾರ್ಡ್ ಎಂದರೆ ಷಡ್ಜ ಮತ್ತು ಪಂಚಮ, ತಂಬೂರಿಯ ಸ್ವರಗಳೇ. ಆದರೆ ಡಿಸ್ಟಾರ್ಷನ್ ಈ ಎರಡರ ಕಂಪನಾಂಕಗಳ ಮೊತ್ತವನ್ನೂ ವ್ಯತ್ಯಾಸವನ್ನೂ ಹೊಸ ಸ್ವರಗಳಾಗಿ ಹುಟ್ಟಿಸುತ್ತದೆ. ಗಿಟಾರಿನ ಕೆಳತಂತಿ 82.4 ಹರ್ಟ್ಜ್, ಅದನ್ನೇ ಷಡ್ಜವೆಂದುಕೊಂಡರೆ ಪಂಚಮ ಸುಮಾರು 123.5. ಎರಡೂ ಕೂಡಿ 206ರ ಹತ್ತಿರ ನಿಲ್ಲುವುದು ಅಂತರ ಗಾಂಧಾರ. ತಂಬೂರಿಯಲ್ಲಿ ತಾನಾಗಿ ಕೇಳಿಸುವ ಗಾಂಧಾರವೂ ಇದೇ. ಕಲ್ಯಾಣಿ ರಾಗಕ್ಕೆ ಇದು ಒತ್ತಾಸೆ. ತೋಡಿಗೆ ಮಾತ್ರ ಕಂಟಕ, ಏಕೆಂದರೆ ತೋಡಿಯದು ಸಾಧಾರಣ ಗಾಂಧಾರ, ಇದೇ ಶ್ರುತಿಯಲ್ಲಿ 196ರ ಆಸುಪಾಸು. ಹತ್ತು ಹರ್ಟ್ಜ್ ಅಂತರದಲ್ಲಿ ಎರಡೂ ಉಜ್ಜಾಡಿ ಕಿವಿಗೆ ಒರಟಾಗುತ್ತವೆ. ಮೇಲಿನ ಸ್ಥಾಯಿಯಲ್ಲಿ, 392 ಮತ್ತು 412ರ ನಡುವೆ, ವಯಲಿನ್ನಿಗೂ ಅದೇ ತಾಪತ್ರಯ. ಗಿಟಾರಿನ ಸದ್ದು ತಗ್ಗಿಸಿದರೆ ದೋಷ ಮರೆಯಾದೀತು, ಹೋಗುವುದಿಲ್ಲ. ಪಂಚಮವನ್ನೇ ಬಿಡಿಸಿ ಎರಡು ಸ್ಥಾಯಿಯ ಷಡ್ಜವನ್ನಷ್ಟೇ ನುಡಿಸುವುದು ಮೇಲು. ಪಂಚಮವರ್ಜ್ಯ ಪ್ರಯೋಗಗಳು ತೋಡಿಗೆ ಸಹಜವೇ ಆದ್ದರಿಂದ ರಾಗಕ್ಕೆ ಊನವಿಲ್ಲ. ಷಡ್ಜದ ಐದನೆಯ ಹಾರ್ಮೋನಿಕ್ ಆಗ ಉಳಿದರೂ, ಈಕ್ವಲೈಸರಿನಲ್ಲಿ 412ರ ಸುತ್ತ ಕಿರಿದಾಗಿ ತಗ್ಗಿಸಬಹುದು.

ಇನ್ನೊಂದು ಸಂಗತಿ ರಿವರ್ಬಿನದು. ಸಿಂಫನಿ ವೃಂದಕ್ಕೆ ಒಪ್ಪುವ ಸುಮಾರು ಎರಡು ಸೆಕೆಂಡಿನ ಅನುರಣನವನ್ನು ಏಕವ್ಯಕ್ತಿ ವಯಲಿನ್ನಿಗೂ ಕೊಟ್ಟರೆ, ಸೆಕೆಂಡಿಗೆ ಹಲವು ಬಾರಿ ತೂಗುವ ಗಮಕದ ನೆಲೆಗಳು ಒಂದರ ಮೇಲೊಂದು ಬಿದ್ದು ರಾಗದ ಮುಖವೇ ಅಳಿಸಿಹೋಗುತ್ತದೆ. ವೃಂದವನ್ನು ಸಭಾಂಗಣದ ಅನುರಣನದಲ್ಲಿ, ಗಮಕವನ್ನು ಹತ್ತಿರದಲ್ಲಿ, ರಿವರ್ಬ್ ಕಡಿಮೆ ಮಾಡಿ ಇಡಬೇಕು.

ಟಿವಿಯ ಸಣ್ಣ ಸ್ಪೀಕರಿನಲ್ಲಿ ಬೇಸ್ ಗಿಟಾರಿನ ಮೂಲಸ್ವರ ಕೇಳಿಸದು. ಅದರ ಹಾರ್ಮೋನಿಕ್‌ಗಳನ್ನೇ ನೆಚ್ಚಬೇಕು. ಮಾತಿನ ಸ್ಪಷ್ಟತೆಗೆ ಬೇಕಾದ 1ರಿಂದ 4 ಕಿಲೋಹರ್ಟ್ಜ್ ವಲಯದಲ್ಲೇ ಡಿಸ್ಟಾರ್ಷನ್ನೂ ಕಮಾನಿನ ಉಜ್ಜುವಿಕೆಯೂ ತುಂಬಿರುತ್ತವೆ. ಯುರೋಪಿನ ಪ್ರಸಾರಕರು 2010ರಲ್ಲಿ ತಂದ ಆರ್128 ಎಂಬ ಧ್ವನಿಮಟ್ಟದ ಮಾನದಂಡ ಇಡೀ ಕಾರ್ಯಕ್ರಮಕ್ಕೆ -23 ಲಫ್ಸ್ (ಸದ್ದಿನ ಮಟ್ಟದ ಏಕಮಾನ) ಗುರಿ ನಿಗದಿ ಮಾಡಿತು. ಅಂಥ ಲೆಕ್ಕದಲ್ಲಿ ಗಿಟಾರನ್ನು ಉದ್ದಕ್ಕೂ ಜೋರಾಗಿಸಿದರೆ ಇಡೀ ಕಾರ್ಯಕ್ರಮವೇ ತಗ್ಗಬೇಕಾಗುತ್ತದೆ. ಅಬ್ಬರ ಹುಟ್ಟುವುದು ಅದರ ಹಿಂದಿನ ಮೌನದಿಂದ. ಆಗುಂಬೆಯಲ್ಲಿ ಚಿತ್ರೀಕರಣಗೊಂಡ, ಶಂಕರ್ ನಾಗ್ ನಿರ್ದೇಶನದ ‘ಮಾಲ್ಗುಡಿ ಡೇಸ್’ ಧಾರಾವಾಹಿಗೆ ಎಲ್. ವೈದ್ಯನಾಥನ್ ಕೊಟ್ಟ ಮಿತವಾದ ಸಂಗೀತ ಇಂದಿಗೂ ಅಧ್ಯಯನಯೋಗ್ಯವಾಗಿರುವುದು ಇದಕ್ಕಾಗಿಯೇ. ಹಾಗಾಗಿ ಸಂಭಾಷಣೆಯ ಕೆಳಗೆ ಗಿಟಾರು ಪೂರ್ತಿ ನಿಲ್ಲಲಿ. ಮಾತು ಮುಗಿದ ಮೇಲೆ ಮೊದಲು ಗಮಕ, ಆಮೇಲೆ ಷಡ್ಜದ ಅಬ್ಬರ ಬರಲಿ.