ಲಿಂಕನ ಮುಖ: ಒಂದು ಜಗಳದ ಇತಿಹಾಸ

ಇತಿಹಾಸವೆಂದರೆ ರಾಜರು, ಯುದ್ಧಗಳು, ಇಸವಿಗಳು ಎಂದು ಮೂವತ್ತು ವರ್ಷಗಳ ಕಾಲ ಪಾಠ ಹೇಳಿದ ನನಗೆ, ವಿಡಿಯೋ ಗೇಮಿಗೂ ಒಂದು ಇತಿಹಾಸವಿದೆ ಎಂಬುದು ಹೊಳೆದದ್ದು ನಿವೃತ್ತಿಯ ಅನಂತರವೇ. ತರಗತಿಯಲ್ಲಿ ಕೈಗೆ ಸಿಕ್ಕ ಆಟದ ಸಾಮಾನುಗಳನ್ನೆಲ್ಲ ಮೇಜಿನ ಡ್ರಾಯರಿಗೆ ಸೇರಿಸಿ ಬೀಗ ಹಾಕುತ್ತಿದ್ದ ಮೇಷ್ಟ್ರು ಈಗ ಆಟದ ಬಗ್ಗೆಯೇ ಬರೆಯಹೊರಟಿದ್ದಾರೆ ಎಂದು ನನ್ನ ಹಳೆಯ ವಿದ್ಯಾರ್ಥಿಗಳು ನಗಬಹುದು. ನಗಲಿ. ಆದರೆ ಕೊನೆಯವರೆಗೆ ಓದಲಿ ಎಂಬುದಷ್ಟೇ ನನ್ನ ಕೋರಿಕೆ.

2025ರ ಜುಲೈ ತಿಂಗಳಲ್ಲಿ ನನ್ನ ಅಕ್ಕನ ಮಗ ನ್ಯೂಜೆರ್ಸಿಯಿಂದ ಸಂಸಾರ ಸಮೇತ ರಜೆಗೆ ಬಂದಿದ್ದ. ಹುಟ್ಟಿದ್ದು ಇಲ್ಲಿಯಾದರೂ ಬೆಳೆದದ್ದೆಲ್ಲ ಅಲ್ಲಿಯೇ. ಹೊರಗೆ ಮಳೆ ಹಿಡಿದಿತ್ತು. ಅವನ ಹನ್ನೊಂದು ವರ್ಷದ ಮಗಳು ಜಗಲಿಯಲ್ಲಿ ಕುಳಿತು ಕೈಯಲ್ಲೊಂದು ಆಟದ ಯಂತ್ರ ಹಿಡಿದು ಆಡುತ್ತಿದ್ದಳು. ಇಣುಕಿ ನೋಡಿದೆ. ನೀಲಿ ಸಮುದ್ರ, ಒಂದು ಕೆಂಪು ದೋಣಿ, ದೋಣಿಯಲ್ಲಿ ಹಸಿರು ಅಂಗಿ ತೊಟ್ಟ ದೊಡ್ಡ ಕಣ್ಣಿನ ಪುಟ್ಟ ಹುಡುಗ. ಮಕ್ಕಳ ಕಥೆಪುಸ್ತಕದ ಚಿತ್ರವೇ ಎದ್ದು ಓಡಾಡಿದಂತಿತ್ತು. "ಬಹಳ ಚೆನ್ನಾಗಿದೆಯಲ್ಲ ಪುಟ್ಟಿ" ಎಂದೆ. ಹಿಂದೆ ನಿಂತಿದ್ದ ಅವಳ ಅಪ್ಪ ಮೆಲ್ಲಗೆ ನಕ್ಕು, "ಮಾವ, ಹದಿನಾರನೆಯ ವಯಸ್ಸಿನಲ್ಲಿ ಇದೇ ಮುಖ ನೋಡಿ ನಾನು ಕಣ್ಣೀರು ಹಾಕಿದ್ದೆ. ಈ ಆಟವನ್ನು ಜನ್ಮದಲ್ಲಿ ಮುಟ್ಟುವುದಿಲ್ಲ ಎಂದು ಶಪಥ ಮಾಡಿದ್ದೆ" ಎಂದ.

ಒಂದು ಚಿತ್ರದ ಹುಡುಗನ ಮುಖಕ್ಕಾಗಿ ಶಪಥವೇ? ನನ್ನೊಳಗಿನ ಇತಿಹಾಸದ ಮೇಷ್ಟ್ರು ಎಚ್ಚೆತ್ತ. ಅಂದಿನಿಂದ ಹಲವು ದಿನ ಅವನಿಂದ ಕೇಳಿ, ಆಮೇಲೆ ನಾನೇ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ.

ಜಪಾನಿನ ಕ್ಯೋಟೊ ನಗರದಲ್ಲಿ 1889ರಲ್ಲಿ ಇಸ್ಪೀಟು ಎಲೆಗಳಂತಹ ಹನಾಫುಡಾ ಎಂಬ ಎಲೆಗಳನ್ನು ತಯಾರಿಸಲು ಆರಂಭವಾದ ಸಂಸ್ಥೆ ನಿಂಟೆಂಡೊ. ಸುಮಾರು ಒಂದು ಶತಮಾನದ ಅನಂತರ, 1986ರಲ್ಲಿ, ಆ ಸಂಸ್ಥೆ 'ದಿ ಲೆಜೆಂಡ್ ಆಫ್ ಜೆಲ್ಡಾ' ಎಂಬ ಆಟವನ್ನು ಹೊರತಂದಿತು. ಅದರ ಮುಖ್ಯ ಶಿಲ್ಪಿ ಶಿಗೆರು ಮಿಯಾಮೊಟೊ. ಕ್ಯೋಟೊ ಬಳಿಯ ಹಳ್ಳಿಗಾಡಿನಲ್ಲಿ ಬೆಳೆದ ಅವರು ಬಾಲ್ಯದಲ್ಲಿ ಗುಡ್ಡ, ಕಾಡು, ಗುಹೆಗಳನ್ನು ಸುತ್ತಿದ ಅನುಭವವೇ ಆಟದ ಬೀಜವೆಂದು ಹೇಳಿಕೊಂಡಿದ್ದಾರೆ. ಕಥಾನಾಯಕನ ಹೆಸರು ಲಿಂಕ್. ಜೆಲ್ಡಾ ಎಂಬುದು ರಾಜಕುಮಾರಿಯ ಹೆಸರು. ಹೈರೂಲ್ ಎಂಬ ರಾಜ್ಯ, ಗ್ಯಾನನ್ ಎಂಬ ದುಷ್ಟ, ಖಡ್ಗ ಹಿಡಿದು ಹೊರಡುವ ಬಾಲಕ. ನಮ್ಮ ಅಜ್ಜಿಯರು ಹೇಳುತ್ತಿದ್ದ ಕಥೆಗಳ ಜಾತಿಗೇ ಸೇರಿದ್ದು.

ಆ ಮೊದಲ ಆಟದಲ್ಲಿ ಲಿಂಕನಿಗೆ ಮುಖವೆಂಬುದು ಇತ್ತೆನ್ನುವುದೇ ಕಷ್ಟ. ಹದಿನಾರು ಚುಕ್ಕಿ ಉದ್ದ, ಹದಿನಾರು ಚುಕ್ಕಿ ಅಗಲದ ಚೌಕದೊಳಗೆ ಮೂರು ಬಣ್ಣಗಳಲ್ಲಿ ಅವನನ್ನು ಮೂಡಿಸಲಾಗಿತ್ತು. ಕೈಪಿಡಿಯಲ್ಲಿ ಅಚ್ಚಾಗಿದ್ದ ಚಿತ್ರಗಳಂತೂ ಮಕ್ಕಳ ವ್ಯಂಗ್ಯಚಿತ್ರಗಳ ಮಾದರಿಯವೇ. ಈ ಸಂಗತಿಯನ್ನು ದಯವಿಟ್ಟು ನೆನಪಿನಲ್ಲಿಡಿ. ಮುಂದೆ ಬೇಕಾಗುತ್ತದೆ.

1998ರ ನವೆಂಬರಿನಲ್ಲಿ 'ಒಕರಿನಾ ಆಫ್ ಟೈಮ್' ಬಂದಿತು. ಜೆಲ್ಡಾ ಸರಣಿ ಮೊದಲ ಬಾರಿಗೆ ಮೂರು ಆಯಾಮದ ಲೋಕವಾಯಿತು. ಹುಲ್ಲುಗಾವಲಿನಲ್ಲಿ ಸೂರ್ಯ ಹುಟ್ಟಿ ಮುಳುಗುತ್ತಿದ್ದ. ಬಾಲಕ ಲಿಂಕ್ ಏಳು ವರ್ಷ ನಿದ್ರಿಸಿ ಯುವಕನಾಗಿ ಏಳುತ್ತಿದ್ದ. ಎಪ್ಪತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು. ನನ್ನ ಸೋದರಳಿಯನಿಗೆ ಆಗ ಹದಿಮೂರು ವರ್ಷ. ಹೊಸ ದೇಶ, ಶಾಲೆಯಲ್ಲಿ ಗೆಳೆಯರಿಲ್ಲ, ಹೊರಗೆ ಹಿಮ. "ಆ ಚಳಿಗಾಲದಲ್ಲಿ ನಾನಿದ್ದದ್ದು ನ್ಯೂಜೆರ್ಸಿಯಲ್ಲಲ್ಲ ಮಾವ, ಹೈರೂಲಿನಲ್ಲಿ" ಎಂದು ಅವನು ಹೇಳಿದಾಗ ನನಗೆ ವಿಷಯದ ಆಳ ಸ್ವಲ್ಪ ತಿಳಿಯಿತು.

2000ದ ಆಗಸ್ಟಿನಲ್ಲಿ ಜಪಾನಿನ ಸ್ಪೇಸ್ ವರ್ಲ್ಡ್ ಎಂಬ ಪ್ರದರ್ಶನದಲ್ಲಿ ನಿಂಟೆಂಡೊ ತನ್ನ ಮುಂದಿನ ಯಂತ್ರವಾದ ಗೇಮ್‌ಕ್ಯೂಬ್‌ನ ಶಕ್ತಿಯನ್ನು ತೋರಿಸಲು ಕೆಲವು ಕ್ಷಣಗಳ ದೃಶ್ಯವೊಂದನ್ನು ತೋರಿಸಿತು. ಯುವಕ ಲಿಂಕ್ ಹಾಗೂ ಗ್ಯಾನನ್‌ಡಾರ್ಫ್ ಖಡ್ಗಯುದ್ಧ ಮಾಡುತ್ತಿರುವ, ನೈಜ ಮೈಕಟ್ಟಿನ ದೃಶ್ಯ. ಅದು ಯಂತ್ರದ ಸಾಮರ್ಥ್ಯ ತೋರಿಸಲು ಮಾಡಿದ ತುಣುಕು ಮಾತ್ರ. ಯಾವ ಆಟದ ಭಾಗವೂ ಆಗಿರಲಿಲ್ಲ. ಆದರೆ ಅಭಿಮಾನಿಗಳು ಅದನ್ನು ವಾಗ್ದಾನವೆಂದು ತಿಳಿದರು. ಒಂದು ವರ್ಷ ಅದೇ ಕನಸಿನಲ್ಲಿ ಕಾದರು.

2001ರ ಆಗಸ್ಟಿನಲ್ಲಿ, ಅದೇ ಪ್ರದರ್ಶನದಲ್ಲಿ, ಪರದೆ ಸರಿದಾಗ ಕಂಡದ್ದು ದೊಡ್ಡ ತಲೆಯ, ಬೆಕ್ಕಿನ ಕಣ್ಣಿನ ಪುಟ್ಟ ಹುಡುಗ. ಬಳಸಿದ ತಂತ್ರದ ಹೆಸರು ಸೆಲ್ ಶೇಡಿಂಗ್. ಸಾಮಾನ್ಯವಾಗಿ ಗಣಕಯಂತ್ರವು ವಸ್ತುವಿನ ಮೇಲೆ ಬಿದ್ದ ಬೆಳಕನ್ನು ಲೆಕ್ಕಹಾಕಿ, ಬೆಳಕಿನಿಂದ ನೆರಳಿಗೆ ನಿಧಾನವಾಗಿ ಇಳಿಯುವ ಅನೇಕ ಛಾಯೆಗಳನ್ನು ಬಳಿಯುತ್ತದೆ. ಇಲ್ಲಿ ಹಾಗಲ್ಲ. ಬೆಳಕಿಗೊಂದು ಬಣ್ಣ, ನೆರಳಿಗೊಂದು ಬಣ್ಣ, ನಡುವೆ ಸ್ಪಷ್ಟ ಗಡಿ. ಹಿಂದೆ ಕಾರ್ಟೂನ್ ಚಿತ್ರಗಳನ್ನು ಸೆಲ್ಯುಲಾಯ್ಡ್ ಹಾಳೆಗಳ ಮೇಲೆ ಬಣ್ಣ ತುಂಬಿ ಮಾಡುತ್ತಿದ್ದರಲ್ಲ, ಆ ಹಾಳೆಯಿಂದಲೇ 'ಸೆಲ್' ಎಂಬ ಹೆಸರು. ಅಭಿಮಾನಿಗಳಲ್ಲಿ ಹಲವರು ಕೆರಳಿದರು. 'ಜೆಲ್ಡಾ'ವನ್ನು 'ಸೆಲ್ಡಾ' ಎಂದು ಹಂಗಿಸಿದರು. ಮೆಚ್ಚಿದವರೂ ಇದ್ದರು, ಆದರೆ ಸಿಟ್ಟಿನ ಧ್ವನಿ ಯಾವಾಗಲೂ ಹೆಚ್ಚು ದೂರ ಕೇಳುತ್ತದೆ.

ಯಾವುದೇ ದಂಗೆಯ ಪಾಠ ಮಾಡುವಾಗ ಕಾರಣಗಳನ್ನು ಪಟ್ಟಿ ಮಾಡುವುದು ನನ್ನ ಹಳೆಯ ಅಭ್ಯಾಸ. ಇಲ್ಲಿಯೂ ಮಾಡಿದೆ. ತತ್‌ಕ್ಷಣದ ಕಾರಣ, ಹಿಂದಿನ ವರ್ಷದ ಆ ತುಣುಕು. ಎರಡನೆಯದು ಮಾರುಕಟ್ಟೆ. ಸೋನಿಯ ಪ್ಲೇಸ್ಟೇಷನ್ 2 ಹಾಗೂ 2001ರಲ್ಲಿಯೇ ಬಂದ ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ ಯುವಕರನ್ನು ಸೆಳೆಯುತ್ತಿದ್ದವು. ನಿಂಟೆಂಡೊ 'ಚಿಕ್ಕ ಮಕ್ಕಳ ಕಂಪನಿ' ಎಂಬ ಹಣೆಪಟ್ಟಿ ಹೊತ್ತಿತ್ತು. ಮೂರನೆಯದೇ ನನ್ನ ದೃಷ್ಟಿಯಲ್ಲಿ ಮೂಲ ಕಾರಣ: ವಯಸ್ಸು. 1998ರಲ್ಲಿ ಹದಿಮೂರರ ಬಾಲಕ 2001ರಲ್ಲಿ ಹದಿನಾರರ ತರುಣ. ಮೀಸೆ ಚಿಗುರುವ ಹೊತ್ತಿನಲ್ಲಿ ಮಕ್ಕಳ ಸಾಮಾನು ಕೈಯಲ್ಲಿ ಕಂಡರೆ ಅವಮಾನ. ತಾನು ಬೆಳೆದಂತೆ ಲಿಂಕನೂ ಬೆಳೆಯಬೇಕು ಎಂಬ ಹಂಬಲ. ಪರದೆಯ ಮೇಲಿನ ಪುಟ್ಟ ಹುಡುಗ ಅವನ ಕಣ್ಣಿಗೆ, 'ನೀನಿನ್ನೂ ಮಗು' ಎಂದು ಹತ್ತು ಜನರ ಮುಂದೆ ಹೇಳಿದಂತೆ ಕಂಡಿರಬೇಕು. ಹೈಸ್ಕೂಲಿನಲ್ಲಿ ಆ ವಯಸ್ಸಿನ ಹುಡುಗರ ಜೊತೆ ಬದುಕು ಕಳೆದವನು ನಾನು. ಆ ಸಿಟ್ಟಿನ ಪರಿಚಯ ನನಗೆ ಚೆನ್ನಾಗಿಯೇ ಇದೆ.

ಈಗ ಆ ಹದಿನಾರು ಚುಕ್ಕಿಯ ಲಿಂಕನನ್ನು ನೆನಪಿಸಿಕೊಳ್ಳಿ. 'ನಿಜವಾದ ಲಿಂಕನನ್ನು ಹಾಳುಮಾಡಿದರು, ಪರಂಪರೆ ಮುರಿದರು' ಎಂದು ಅಭಿಮಾನಿಗಳು ಗೋಳಿಟ್ಟ ಆ ಪರಂಪರೆಗೆ ಆಗ ಕೇವಲ ಮೂರು ವರ್ಷ ವಯಸ್ಸು! ಅದಕ್ಕೂ ಹಿಂದಿನ ಹನ್ನೆರಡು ವರ್ಷ ಲಿಂಕ್ ಇದ್ದದ್ದು ಪುಟ್ಟ ಬೊಂಬೆಯಾಗಿಯೇ. 'ಒಕರಿನಾ'ದ ಲಿಂಕನೂ ನೈಜನೇನಲ್ಲ. ಸೋದರಳಿಯ ಅದನ್ನು ತೆರೆದು ತೋರಿಸಿದ. ಮೂಗು ಒಂದು ಮೊನೆ, ಕೈ ಒಂದು ಪೆಟ್ಟಿಗೆ. "ನನ್ನ ನೆನಪಿನಲ್ಲಿ ಇದು ಹೀಗಿರಲಿಲ್ಲ ಮಾವ" ಎಂದು ಅವನೇ ಬೆಪ್ಪಾದ. ಉಳಿದದ್ದನ್ನು ಹುಡುಗನ ಮನಸ್ಸು ತುಂಬಿಕೊಂಡಿತ್ತು. ನಾವು ಅನಾದಿ ಎಂದು ನಂಬಿ ಕಾಪಾಡಹೊರಡುವ ಎಷ್ಟೋ ಸಂಪ್ರದಾಯಗಳು ನಮ್ಮ ಬಾಲ್ಯಕ್ಕಿಂತ ಹಳೆಯವಾಗಿರುವುದಿಲ್ಲ.

ಆಟ ರೂಪಿಸಿದವರ ಪಕ್ಷವನ್ನೂ ಕೇಳಬೇಕು. ನಿರ್ದೇಶಕ ಎಯ್ಜಿ ಅವೊನುಮಾ. 'ಒಕರಿನಾ'ದ ರೂಪವನ್ನೇ ಇನ್ನಷ್ಟು ತೀಡುತ್ತಾ ಹೋದರೆ ಹೊಸದೇನೂ ಹುಟ್ಟದು ಎಂದು ತಂಡ ತೊಳಲುತ್ತಿದ್ದಾಗ, ಯೋಶಿಕಿ ಹರುಹಾನಾ ಎಂಬ ಕಲಾವಿದರು ಬರೆದ ಪುಟ್ಟ ಲಿಂಕನ ಚಿತ್ರ ದಾರಿ ತೆರೆಯಿತು. ಮಿಯಾಮೊಟೊ ಕೂಡ ಮೊದಲು ಸುಲಭವಾಗಿ ಒಪ್ಪಲಿಲ್ಲವಂತೆ. ಆದರೆ ಆ ದೊಡ್ಡ ಕಣ್ಣುಗಳು ಬರಿಯ ಅಲಂಕಾರವಾಗಿರಲಿಲ್ಲ. ದಾರಿಯಲ್ಲಿ ಏನಾದರೂ ಗಮನಿಸಬೇಕಾದದ್ದು ಇದ್ದರೆ ಲಿಂಕನ ಕಣ್ಣು ತಾನಾಗಿಯೇ ಅತ್ತ ಹೊರಳುತ್ತದೆ; ಆಡುವವರಿಗೆ ಅದೇ ಸುಳಿವು. ಇದನ್ನು ನನಗೆ ತೋರಿಸಿಕೊಟ್ಟವಳು ಪುಟ್ಟಿ.

'ವಿಂಡ್ ವೇಕರ್' ಎಂಬ ಹೆಸರಿನ ಆ ಆಟ 2002ರ ಡಿಸೆಂಬರಿನಲ್ಲಿ ಜಪಾನಿನಲ್ಲಿ, 2003ರ ಮಾರ್ಚಿನಲ್ಲಿ ಅಮೆರಿಕದಲ್ಲಿ ಬಿಡುಗಡೆಯಾಯಿತು. ಜಪಾನಿನ ಪ್ರಸಿದ್ಧ ಪತ್ರಿಕೆ 'ಫಮಿತ್ಸು' ನಲವತ್ತಕ್ಕೆ ನಲವತ್ತು ಅಂಕ ನೀಡಿತು. ಆದರೂ ಮಾರಾಟ 'ಒಕರಿನಾ'ದಷ್ಟು ಆಗಲಿಲ್ಲ. ಆಟದಲ್ಲಿ ನಿಜವಾದ ದೋಷಗಳೂ ಇದ್ದವು. ಸಮುದ್ರಯಾನ ದೀರ್ಘವಾಗಿತ್ತು, ಕೊನೆಯ ಭಾಗದ ಹುಡುಕಾಟ ಬೇಸರ ತರಿಸುತ್ತಿತ್ತು, ಸಮಯ ಸಾಲದೆ ಕೆಲವು ಭಾಗಗಳನ್ನು ಕೈಬಿಟ್ಟದ್ದನ್ನು ಅವೊನುಮಾ ಅವರೇ ಅನಂತರ ಒಪ್ಪಿಕೊಂಡಿದ್ದಾರೆ. ಮುಖದ ಬಗೆಗಿನ ಗದ್ದಲದಲ್ಲಿ ಈ ನ್ಯಾಯವಾದ ದೂರುಗಳು ಹಿಂದೆ ಸರಿದವು. ಜಗಳಗಳಲ್ಲಿ ಸಾಮಾನ್ಯವಾಗಿ ಹೀಗೆಯೇ ಆಗುತ್ತದೆ.

ಕಾರ್ಟೂನಿನಂತಿರುವ ರೂಪ ಕಂಡು ಅಮೆರಿಕದವರು ಇದು ಚಿಕ್ಕ ಮಕ್ಕಳ ಆಟವೆಂದು ದೂರ ಸರಿದರೆಂದು ಅವೊನುಮಾ ಅವರಿಗೆ ವರದಿ ಬಂದಿತು. ದಿಕ್ಕು ಬದಲಾಯಿತು. 2004ರ ಮೇ ತಿಂಗಳಲ್ಲಿ ಲಾಸ್ ಏಂಜಲೀಸಿನ ಇ3 ಸಮ್ಮೇಳನದಲ್ಲಿ, ಕುದುರೆಯೇರಿ ಯುದ್ಧಕ್ಕೆ ಹೊರಟ ನೈಜ ರೂಪದ ಯುವಕ ಲಿಂಕ್ ಕಾಣಿಸಿಕೊಂಡಾಗ ಸಭೆ ಎದ್ದು ನಿಂತು ಕೂಗಿತು. ಮಿಯಾಮೊಟೊ ಸ್ವತಃ ಖಡ್ಗ, ಗುರಾಣಿ ಹಿಡಿದು ವೇದಿಕೆಗೆ ಬಂದರು. ಆ ಆಟವೇ 2006ರ 'ಟ್ವೈಲೈಟ್ ಪ್ರಿನ್ಸೆಸ್'. ಅಭಿಮಾನಿಗಳು ಗೆದ್ದರು. ನನ್ನ ಸೋದರಳಿಯನೂ ಗೆದ್ದ.

ಆದರೆ ಕಾಲವೆಂಬ ಪರೀಕ್ಷಕ ನಿಧಾನವಾಗಿ ಅಂಕ ಕೊಡುತ್ತಾನೆ. ನೈಜತೆಯನ್ನು ಬೆನ್ನಟ್ಟಿದ ಚಿತ್ರ ಪ್ರತಿ ಹೊಸ ಯಂತ್ರದ ಎದುರು ಸ್ವಲ್ಪ ಸ್ವಲ್ಪ ಮಂಕಾಯಿತು. ತನ್ನದೇ ಲೋಕ ಕಟ್ಟಿಕೊಂಡ ಚಿತ್ರ ಹಾಗೆಯೇ ಉಳಿಯಿತು. 2013ರಲ್ಲಿ 'ವಿಂಡ್ ವೇಕರ್' ಅನ್ನು ಹೊಸ ಯಂತ್ರಕ್ಕೆ ತಿದ್ದಿ ಹೊರತಂದಾಗ ಹಳೆಯ ಹೀಯಾಳಿಕೆ ಹೆಚ್ಚು ಕೇಳಿಸಲಿಲ್ಲ. ಯಾನದ ಬೇಸರವನ್ನು ಕಡಿಮೆ ಮಾಡುವ ವೇಗದ ಹಾಯಿಯೊಂದನ್ನು ಸೇರಿಸಿದ್ದರು. 2011ರ 'ಸ್ಕೈವರ್ಡ್ ಸ್ವೋರ್ಡ್' ವರ್ಣಚಿತ್ರದಂತಹ ಮಧ್ಯಮ ಮಾರ್ಗ ಹಿಡಿಯಿತು. ಮೂರು ಕೋಟಿಗೂ ಹೆಚ್ಚು ಪ್ರತಿ ಮಾರಾಟವಾದ 2017ರ 'ಬ್ರೆತ್ ಆಫ್ ದಿ ವೈಲ್ಡ್' ಕೂಡ ಛಾಯಾಚಿತ್ರದ ನೈಜತೆಯತ್ತ ಹೋಗದೆ ಚಿತ್ರಿಸಿದ ಲೋಕವನ್ನೇ ಆರಿಸಿಕೊಂಡಿತು. ಜಗಳ ಮುಗಿಯಿತೇ? ಇಲ್ಲ. 2019ರಲ್ಲಿ ಹಳೆಯ ಆಟವೊಂದನ್ನು ಮರದ ಬೊಂಬೆಗಳಂತಹ ರೂಪದಲ್ಲಿ ತಂದಾಗ ಹೊಸ ಪೀಳಿಗೆ ಅದೇ ಮಾತುಗಳಲ್ಲಿ ಮತ್ತೆ ಕಾದಾಡಿತು.

ಪುಟ್ಟಿ ಆಡುತ್ತಿದ್ದದ್ದು 2013ರ ತಿದ್ದಿದ ಪ್ರತಿಯಲ್ಲ. 2025ರ ಜೂನಿನಲ್ಲಿ ಹೊಸ ಸ್ವಿಚ್ 2 ಯಂತ್ರಕ್ಕೆ ಮರಳಿ ಬಂದ, ಅವಳಪ್ಪ ಶಪಥ ಮಾಡಿ ಬಿಟ್ಟಿದ್ದ ಮೂಲ ಆಟವೇ. ಊರು ಬಿಡುವ ಹಿಂದಿನ ರಾತ್ರಿ ಅವಳು ಆಟ ಮುಗಿಸಿದಳು. ಅಪ್ಪ ಪಕ್ಕದಲ್ಲೇ ಕುಳಿತಿದ್ದ. ಕಥೆಯ ಗುಟ್ಟೇನೆಂದರೆ, ಆ ಸಮುದ್ರದ ತಳದಲ್ಲಿ ಮುಳುಗಿರುವುದು ಅದೇ ಹಳೆಯ ಹೈರೂಲ್. ದುಷ್ಟ ಗ್ಯಾನನ್‌ಡಾರ್ಫ್ ಅದನ್ನು ಮರಳಿ ಪಡೆಯಲು ಹೋರಾಡುತ್ತಾನೆ. ಹಳೆಯ ರಾಜನಿಗೂ ಆ ರಾಜ್ಯದ ವ್ಯಾಮೋಹವೇ. ಆದರೆ ವರ ಕೇಳುವ ಗಳಿಗೆ ಬಂದಾಗ ರಾಜ, ಹೈರೂಲನ್ನು ಸಮುದ್ರವೇ ತೊಳೆದುಬಿಡಲಿ, ಈ ಮಕ್ಕಳಿಗೆ ಭವಿಷ್ಯ ಸಿಗಲಿ ಎಂದು ಬೇಡುತ್ತಾನೆ. ತಾನು ರಾಜ್ಯದೊಡನೆ ಮುಳುಗುತ್ತಾನೆ. ಮಕ್ಕಳು ಹೊಸ ನೆಲ ಹುಡುಕಲು ದೋಣಿ ಹತ್ತುತ್ತಾರೆ.

ಸೋದರಳಿಯ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ಇಪ್ಪತ್ತೆರಡು ವರ್ಷ ತಡವಾಗಿ ನೋಡಿದೆ ಮಾವ. ಇದನ್ನು ನನಗೇ ಹೇಳಿದ್ದರು" ಎಂದ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬಹಳ ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಶಾಲೆಯ ವಸ್ತುಪ್ರದರ್ಶನಕ್ಕೆ ಸಳ ಹುಲಿಯನ್ನು ಕೊಲ್ಲುವ ಹೊಯ್ಸಳ ಲಾಂಛನದ ಚಿತ್ರ ಬರೆದು ತಂದಿದ್ದ. ಸಳನಿಗೆ ದೊಡ್ಡ ಕಣ್ಣು, ಪುಟ್ಟ ಕಾಲು. ಹುಲಿಯ ಮುಖದಲ್ಲಿ ನಿಜವಾದ ಭಯ. "ಇದೇನಯ್ಯ, ಬಾಲಮಂಗಳವೇ? ಪುಸ್ತಕದಲ್ಲಿರುವಂತೆ ಬರೆದುಕೊಂಡು ಬಾ" ಎಂದು ಎಲ್ಲರೆದುರು ಗದರಿದೆ. ಮರುದಿನ ಅವನು ಪಠ್ಯಪುಸ್ತಕದ ಚಿತ್ರವನ್ನು ಚಾಚೂ ತಪ್ಪದೆ ನಕಲು ಮಾಡಿ ತಂದ. ನಾನು ಬೆನ್ನು ತಟ್ಟಿದೆ. ಆ ಎರಡನೆಯ ಚಿತ್ರ ಹೇಗಿತ್ತೆಂದು ಇಂದು ನನಗೆ ಏನೇನೂ ನೆನಪಿಲ್ಲ. ಮೊದಲನೆಯದು ಕಣ್ಣಿಗೆ ಕಟ್ಟಿದಂತಿದೆ.

ಅವನು ಎಲ್ಲಿದ್ದಾನೋ ತಿಳಿಯದು. ಈ ಪುಟ ಓದುವ ನನ್ನ ವಿದ್ಯಾರ್ಥಿಗಳಲ್ಲಿ ಅವನೂ ಇದ್ದರೆ, ಅಪ್ಪಾ, ಅಂದು ತಪ್ಪಿದವನು ನಾನು. ಆ ಮೊದಲ ಚಿತ್ರ ಇನ್ನೂ ನಿನ್ನ ಬಳಿ ಇದ್ದರೆ ಒಂದು ಪ್ರತಿ ಕಳುಹಿಸು.