ಎಂಟಡಿ ಪ್ಲೈವುಡ್ಡಿನ ಮನೆ

ಹಿಂದಿನ ಸೀಟು ಮಡಚಿ, ಹಾಸಿಗೆ ಹಾಸಿ, ಪುಟ್ಟ ಸ್ಟೌವ್ ಇಟ್ಟುಕೊಂಡು ಒಬ್ಬರೇ ಹೊರಟುಬಿಡುವ ವಿಡಿಯೋಗಳನ್ನ ನೀವೂ ನೋಡಿರ್ತೀರಿ. ಭಾನುವಾರ ರಾತ್ರಿ ಅವು ಇನ್ನೂ ಚೆನ್ನಾಗಿ ಕಾಣ್ತವೆ. ಆದರೆ ಇದು ಹೊಸ ಶೋಕಿಯೇನಲ್ಲ. ಅಮೆರಿಕದಲ್ಲಿ ಇದಕ್ಕೆ ನೂರು ವರ್ಷ ದಾಟಿದೆ.

ಫೋರ್ಡ್ ಮಾಡೆಲ್ ಟಿ ಕಾರು 1908ರಲ್ಲಿ ಬಂದಾಗ ಬೆಲೆ 850 ಡಾಲರ್. 1925ಕ್ಕೆ 300ಕ್ಕಿಂತ ಕೆಳಗಿಳಿದಿತ್ತು. ಕಾರು ಕೊಂಡವರೆಲ್ಲರಿಗೂ ಹೋಟೆಲ್ ಖರ್ಚು ಕೈಗೆಟುಕಬೇಕಲ್ಲ? ಕಾರಿನ ಪಕ್ಕಕ್ಕೇ ಟೆಂಟ್ ಕಟ್ಟಿ, ಡಬ್ಬಿಯ ಊಟ ಬಿಸಿ ಮಾಡಿಕೊಂಡು ಮಲಗಿದರು. 1919ರಲ್ಲಿ ಫ್ಲಾರಿಡಾದ ಟ್ಯಾಂಪಾದಲ್ಲಿ ಇಂಥವರು ‘ಟಿನ್ ಕ್ಯಾನ್ ಟೂರಿಸ್ಟ್ಸ್’ ಅಂತ ಸಂಘವನ್ನೂ ಕಟ್ಟಿಕೊಂಡರು. ಬಂದವರು ಪೇಟೆಯಲ್ಲಿ ನಾಲ್ಕು ಕಾಸು ಚೆಲ್ಲುತ್ತಾರೆ ಅಂತ ಎಷ್ಟೋ ಊರುಗಳು ಪುಕ್ಕಟೆ ಜಾಗ ಕೊಟ್ಟವು. ಚೆಲ್ಲಲು ಕಾಸಿಲ್ಲದವರೂ ಬರತೊಡಗಿದಾಗ ಶುಲ್ಕ ಬಂತು. ಬಡವರನ್ನು ಸೋಸುವ ಜರಡಿ ಅದು.

1930ರ ದಶಕದ ಆರ್ಥಿಕ ಕುಸಿತದ ಕಾಲದಲ್ಲಿ ಟಿಯರ್‌ಡ್ರಾಪ್ ಟ್ರೇಲರ್ ಹುಟ್ಟಿತು. ಮುಂದೆ ಗುಂಡಗೆ, ಹಿಂದೆ ಇಳಿಜಾರು, ಕಣ್ಣೀರ ಹನಿಯ ಆಕಾರ. ಅದರ ಅಳತೆ ನನಗೆ ತುಂಬಾ ಇಷ್ಟ: ನಾಲ್ಕಡಿ ಅಗಲ, ಎಂಟಡಿ ಉದ್ದ, ಸುಮಾರು ನಾಲ್ಕಡಿ ಎತ್ತರ. ಯಾಕೆ ಅಂದ್ರೆ ಪ್ಲೈವುಡ್ ಹಾಳೆ ಸಿಗೋದೇ 4x8 ಅಡಿ. ಒಂದು ಹಾಳೆ ಕೊಯ್ದರೆ ಒಂದು ಪಕ್ಕದ ಗೋಡೆ, ಇನ್ನೊಂದು ಹಾಳೆ ನೆಲ. ಒಳಗೆ ಹಾಸಿಗೆ ಬಿಟ್ಟು ಬೇರೇನಿಲ್ಲ, ನಿಲ್ಲೋಕೂ ಆಗಲ್ಲ. ಹಿಂಬದಿಯ ಮುಚ್ಚಳ ಎತ್ತಿದರೆ ಅಡುಗೆಮನೆ; ಎತ್ತಿದ ಮುಚ್ಚಳವೇ ಸೂರು. ಅಡುಗೆಯವರು ನಿಲ್ಲೋದು ಹೊರಗೆ, ನೆಲದ ಮೇಲೆ. ಒಬ್ಬರಿಗೆ ಧಾರಾಳ, ಇಬ್ಬರಿದ್ದರೆ ಪ್ರೀತಿ ಬೇಕು. ಸಣ್ಣ ಕಾರೂ ಎಳೆಯುವಷ್ಟು ಹಗುರ. 1947ರಲ್ಲಿ ‘ಮೆಕ್ಯಾನಿಕ್ಸ್ ಇಲ್ಲಸ್ಟ್ರೇಟೆಡ್’ ಪತ್ರಿಕೆ ಇದರ ನಕ್ಷೆ ಅಚ್ಚು ಹಾಕಿತು. ಯುದ್ಧ ಮುಗಿದು ಮಿಕ್ಕಿದ್ದ ಅಲ್ಯೂಮಿನಿಯಂ ತಗಡು ಹೊದಿಸಿ, ಜನ ಮನೆ ಹಿತ್ತಲಲ್ಲೇ ಕಟ್ಟಿಕೊಂಡರು.

ಈ ಟ್ರೇಲರ್ ಬೆಳೆದದ್ದು ಹೆಚ್ಚಾಗಿ ಕ್ಯಾಲಿಫೋರ್ನಿಯಾದಲ್ಲಿ. ಅದೇ ವರ್ಷಗಳಲ್ಲಿ ಓಕ್ಲಹೋಮಾ, ಟೆಕ್ಸಾಸ್ ಕಡೆಯ ರೈತರು ಬರಗಾಲ, ಸಾಲಕ್ಕೆ ನೆಲ ಕಳೆದುಕೊಂಡು, ಹಳೇ ಕಾರಿಗೆ ಹಾಸಿಗೆ, ಪಾತ್ರೆ ಬಿಗಿದು ಅಲ್ಲಿಗೇ ಬರ್ತಿದ್ದರು. ಅವರೂ ಕಾರಲ್ಲೇ ಮಲಗುತ್ತಿದ್ದರು. 1936ರ ಫೆಬ್ರವರಿಯಲ್ಲಿ ಲಾಸ್ ಏಂಜಲೀಸ್ ಪೊಲೀಸ್ ಮುಖ್ಯಸ್ಥ ಜೇಮ್ಸ್ ಡೇವಿಸ್ 136 ಪೊಲೀಸರನ್ನು ರಾಜ್ಯದ ಗಡಿಗಳಿಗೆ ಕಳಿಸಿದ. ದುಡ್ಡಿಲ್ಲದವರನ್ನು ವಾಪಸ್ ಅಟ್ಟುವುದು ಅವರ ಕೆಲಸ. (ನಗರದ ಪೊಲೀಸರಿಗೆ ಗಡಿಯಲ್ಲೇನು ಕೆಲಸ ಅಂತ ಕೇಳಬೇಡಿ.) ಕೆಲವು ವರ್ಷ ಕಳೆದು, ಟೆಕ್ಸಾಸಿನಿಂದ ನಿರುದ್ಯೋಗಿ ಭಾವಮೈದುನನನ್ನು ಕಾರಲ್ಲಿ ಕರೆತಂದ ತಪ್ಪಿಗೆ ಎಡ್ವರ್ಡ್ಸ್ ಅನ್ನುವವನಿಗೆ ಶಿಕ್ಷೆಯಾಯಿತು. ಆ ಕಾನೂನನ್ನು ಸುಪ್ರೀಂ ಕೋರ್ಟ್ 1941ರಲ್ಲಿ ರದ್ದು ಮಾಡಿತು.

ಕಪ್ಪು ಜನರ ಕಷ್ಟ ಬೇರೆಯೇ. ಜೇಬಲ್ಲಿ ದುಡ್ಡಿದ್ದರೂ ಎಷ್ಟೋ ಹೋಟೆಲ್ಲುಗಳು ರೂಮ್ ಕೊಡ್ತಿರಲಿಲ್ಲ. ಹಾರ್ಲೆಮಿನ ಅಂಚೆಯವ ವಿಕ್ಟರ್ ಗ್ರೀನ್ 1936ರಿಂದ ಅವರಿಗಾಗಿ ಒಂದು ಕೈಪಿಡಿ ತಂದ: ಯಾವ ಊರಲ್ಲಿ ಎಲ್ಲಿ ಊಟ ಸಿಗುತ್ತೆ, ಎಲ್ಲಿ ಮಲಗಬಹುದು. ‘ಗ್ರೀನ್ ಬುಕ್’ನಲ್ಲಿ ವಿಳಾಸವೇ ಇಲ್ಲದ ಊರಲ್ಲಿ ಕತ್ತಲಾದರೆ, ಕಾರಿನ ಸೀಟೇ ಹಾಸಿಗೆಯಾಗುತ್ತಿತ್ತು.